ತಲೆ ಎಣಿಸಬೇಡಿ, ತಪ್ಪು ಎಣಿಸಿ

2023ರ ಏಪ್ರಿಲ್‌ನಲ್ಲಿ ಕೇಂದ್ರ ಸಂಪುಟ ರಾಷ್ಟ್ರೀಯ ಕ್ವಾಂಟಂ ಮಿಷನ್‌ಗೆ ಒಪ್ಪಿಗೆ ಕೊಟ್ಟಿತು. ಮೊತ್ತ 6,003.65 ಕೋಟಿ ರೂಪಾಯಿ. ಗುರಿ ಏನಪ್ಪಾ ಅಂದ್ರೆ, ಎಂಟು ವರ್ಷದಲ್ಲಿ 50ರಿಂದ 1000 ಭೌತಿಕ ಕ್ಯೂಬಿಟ್‌ಗಳ ಕಂಪ್ಯೂಟರ್.

ಐವತ್ತೋ, ಸಾವಿರವೋ? ನಾನು ಕ್ಲೈಂಟ್ ಮುಂದೆ ಕೂತು "ಸರ್, ನಮ್ಮ ಸಾಫ್ಟ್‌ವೇರ್ 50ರಿಂದ 1000 ಜನರನ್ನ ತಡ್ಕೊಳ್ಳುತ್ತೆ" ಅಂದ್ರೆ ಬಾಗಿಲು ತೋರಿಸ್ತಾರೆ.

ಇನ್ನೊಂದು ಮಾತು. ಐಬಿಎಂ 50 ಕ್ಯೂಬಿಟ್ ಯಂತ್ರವನ್ನು ಘೋಷಿಸಿದ್ದು 2017ರಲ್ಲೇ. 1,121 ಕ್ಯೂಬಿಟ್ ಚಿಪ್ 2023ರ ಡಿಸೆಂಬರ್‌ನಲ್ಲಿ ಬಂತು. ಆದರೂ ಜನರ ಉಪಯೋಗಕ್ಕೆ ಬರುವ ದೊಡ್ಡ ಲೆಕ್ಕಗಳು ಇನ್ನೂ ದೂರ. ಯಾಕಂದ್ರೆ ಕ್ಯೂಬಿಟ್ ಬಲು ಸೂಕ್ಷ್ಮ, ಮೇಲಿಂದ ಮೇಲೆ ತಪ್ಪುತ್ತೆ. ನಂಬಬಹುದಾದ ಒಂದು ಕ್ಯೂಬಿಟ್ ಕಟ್ಟೋಕೆ ಇಂಥ ಹತ್ತಾರು, ನೂರಾರು ಬೇಕು. 2024ರಲ್ಲಿ ಗೂಗಲ್‌ನ ವಿಲ್ಲೋ ಚಿಪ್‌ನಲ್ಲಿ ಇದ್ದದ್ದು ಬರೀ 105. ಅದು ಸುದ್ದಿಯಾದದ್ದು ತಪ್ಪನ್ನು ತಗ್ಗಿಸಿದ್ದಕ್ಕೆ.

ಇದು ನಮ್ಮ ಪ್ರಾಧ್ಯಾಪಕರಿಗೆ ಗೊತ್ತಿಲ್ವಾ? ನನಗಿಂತ ನೂರು ಪಾಲು ಚೆನ್ನಾಗಿ ಗೊತ್ತು. ಆದರೆ ಮಂತ್ರಿಗಳ ಕಿವಿಗೆ ಬೀಳೋದು ದೊಡ್ಡ ಅಂಕಿ ಮಾತ್ರ. ಯುರೋಪಿನಲ್ಲೂ 2016ರಲ್ಲಿ ವಿಜ್ಞಾನಿಗಳೇ ಮುಂದಾಗಿ ಕ್ವಾಂಟಂ ಪ್ರಣಾಳಿಕೆ ಬರೆದು ನೂರು ಕೋಟಿ ಯೂರೋ ಯೋಜನೆ ಕೇಳಿದರು. 2018ರಲ್ಲಿ ಅದು ಶುರುವಾಯಿತು. ಕೇಳೋದು ತಪ್ಪಲ್ಲ. ಬೆಳೆ ಗೊತ್ತಿರೋನೇ ನೀರು ಕೇಳಬೇಕು.

ತಕರಾರು ಇರೋದು ಆಮೇಲಿನದಕ್ಕೆ. ಮಿಷನ್‌ನ ನಾಲ್ಕು ಕೇಂದ್ರಗಳ ಮುಂದಾಳುಗಳು ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆ, ಮದ್ರಾಸ್, ಬಾಂಬೆ, ದೆಹಲಿ ಐಐಟಿಗಳು. ಆಡಳಿತ ಮಂಡಳಿಗೆ ಉದ್ಯಮಿ ಅಜಯ್ ಚೌಧರಿ ಅಧ್ಯಕ್ಷರು, ನಿಜ. ಆದರೆ ಈ ವಿದ್ಯೆ ಬಲ್ಲವರು ದೇಶದಲ್ಲಿ ಕಡಿಮೆ. ಸಲಹೆ ಕೊಡೋರು, ಅನುದಾನ ಪಡೆಯೋರು, ಪರಿಶೀಲಿಸೋರು ಎಲ್ಲಾ ಒಬ್ಬರನ್ನೊಬ್ಬರು ಬಲ್ಲವರೇ ಆಗುವ ಅಪಾಯ ಇದ್ದೇ ಇದೆ. ಹಳ್ಳಿಯಲ್ಲಿ ಕೆರೆ ಹೂಳೆತ್ತಿದ ಗುತ್ತಿಗೆದಾರನ ಕೈಗೇ ಅಳತೆ ಪುಸ್ತಕ ಕೊಟ್ಟರೆ ಏನಾಗುತ್ತೆ ಅಂತ ಯಾರಿಗೂ ಬಿಡಿಸಿ ಹೇಳಬೇಕಿಲ್ಲ.

ನನ್ನ ಬೇಡಿಕೆ ಎರಡೇ. ಪ್ರತಿ ವರ್ಷ ಕ್ಯೂಬಿಟ್ ಸಂಖ್ಯೆಯ ಪಕ್ಕದಲ್ಲೇ ಅದರ ತಪ್ಪಿನ ಪ್ರಮಾಣವನ್ನೂ ಜನರ ಮುಂದಿಡಿ. ಆ ಅಳತೆಯನ್ನು, ಈ ಹಣದಲ್ಲಿ ಒಂದು ಪೈಸೆ ಪಾಲೂ ಇಲ್ಲದವರಿಂದ, ಬೇಕಾದರೆ ಹೊರದೇಶದವರನ್ನು ಕರೆಸಿಯಾದರೂ, ಮಾಡಿಸಿ. ಬಂದ ಫಲಿತಾಂಶ ಸಣ್ಣದಾದರೆ ಸಣ್ಣದು ಅಂತಲೇ ಹೇಳಿ. ವಿಜ್ಞಾನ ನಿಧಾನ ಅಂತ ತೆರಿಗೆ ಕಟ್ಟೋರಿಗೂ ಅರ್ಥ ಆಗುತ್ತೆ. ಅರ್ಥ ಆಗದಿರೋದು ಮುಚ್ಚಿಡೋದು.