ನಮ್ಮ ಮಕ್ಕಳ ಚಿತ್ರ, ಹಾಡು, ಆಟದ ಪೀರಿಯಡ್ ವಾಪಸ್ ಕೊಡಿ!

ಅಪ್ಪಂದಿರೇ, ಅಮ್ಮಂದಿರೇ, ಅಜ್ಜ ಅಜ್ಜಿಯರೇ! ಮೇಷ್ಟ್ರುಗಳೇ, ಟೀಚರಮ್ಮಂದಿರೇ! ಎರಡು ನಿಮಿಷ ನಿಂತು ಓದಿ!

ನಿಮ್ಮ ಮಗುವಿನ ಶಾಲೆಗೆ ಹೋಗಿ ಗೋಡೆಗೆ ಅಂಟಿಸಿರುವ ವೇಳಾಪಟ್ಟಿ ನೋಡಿ. ಬುಧವಾರ ಸಂಗೀತ ಅಂತ ಇರುತ್ತೆ. ಶುಕ್ರವಾರ ಕೊನೇ ಪೀರಿಯಡ್ ಚಿತ್ರಕಲೆ. ಸಂಜೆ ಆಟ. ಮನೆಗೆ ಬಂದು ಮಗುವನ್ನು ಕೇಳಿ. ‘ಶುಕ್ರವಾರ ಏನು ಚಿತ್ರ ಬಿಡಿಸಿದೆ ಪುಟ್ಟಾ?’ ‘ಗಣಿತ ಮಾಡಿಸಿದ್ರು.’ ‘ಬುಧವಾರ?’ ‘ಇಂಗ್ಲಿಷ್ ಕಾಪಿ ಬರೆಸಿದ್ರು.’ ‘ಆಟ?’ ‘ಟೆಸ್ಟ್ ಇತ್ತು.’

ಗೋಡೆಯ ಮೇಲೆ ಇರುವುದು ಮಕ್ಕಳ ಕೈಗೆ ಬಂದಿಲ್ಲ! ಇದು ಒಂದು ಶಾಲೆಯ ಕತೆಯಲ್ಲ. ನಿಮ್ಮೂರಲ್ಲೂ ಹೀಗೇ, ನಮ್ಮೂರಲ್ಲೂ ಹೀಗೇ. ಸರ್ಕಾರಿ ಶಾಲೆಯಲ್ಲೂ ಹೀಗೇ, ಸಾವಿರಾರು ರೂಪಾಯಿ ಫೀಸು ಕಟ್ಟಿಸಿಕೊಳ್ಳುವ ಶಾಲೆಯಲ್ಲೂ ಹೀಗೇ.

ಇದರಿಂದ ಪೆಟ್ಟು ತಿನ್ನುವವರು ಯಾರು? ಕೇಳಿ.

ನಮ್ಮ ಬೀದಿಯಲ್ಲಿ ಒಬ್ಬ ಹುಡುಗಿ ಇದ್ದಾಳೆ. ಏಳನೇ ಕ್ಲಾಸು. ಬೆಳಿಗ್ಗೆ ಆರಕ್ಕೆಲ್ಲ ಬಾಗಿಲಿಗೆ ನೀರು ಹಾಕಿ ರಂಗೋಲಿಗೆ ಕೂರುತ್ತಾಳೆ. ನಡುಸಾಲಿಗೆ ಹದಿನೈದು ಚುಕ್ಕಿ. ಅದರ ಮೇಲೂ ಕೆಳಗೂ ಸಂದು ಹಿಡಿದು ಒಂದೊಂದೇ ಚುಕ್ಕಿ ಕಡಿಮೆ ಮಾಡುತ್ತಾ ಎಂಟಕ್ಕೆ ತಂದು ನಿಲ್ಲಿಸುತ್ತಾಳೆ. ಎಣಿಸಿ ನೋಡಿ, ಒಟ್ಟು 169 ಚುಕ್ಕಿ! ಸ್ಕೇಲ್ ಇಲ್ಲ, ಪೆನ್ಸಿಲ್ ಇಲ್ಲ, ಅಳಿಸುವ ರಬ್ಬರ್ ಇಲ್ಲ. ಎರಡು ಬೆರಳ ನಡುವೆ ಚಿಟಿಕೆ ಪುಡಿ, ಅಷ್ಟೇ. ಎಡಕ್ಕೆ ಬಾಗಿದ ಎಳೆ ಬಲಕ್ಕೂ ಅಷ್ಟೇ ಬಾಗುತ್ತೆ. ಹಾಲಿನ ಗಾಡಿ ಪಕ್ಕದಲ್ಲೇ ಹೋದರೂ ತಲೆ ಎತ್ತುವುದಿಲ್ಲ. ಉಸಿರು ಕೂಡ ನಿಧಾನ.

ಹತ್ತು ಗಂಟೆಗೆ ಅದೇ ಹುಡುಗಿ ಕ್ಲಾಸಿನ ಕೊನೇ ಸಾಲಿನಲ್ಲಿ. ಎಡಬಲ ಸರಿಹೊಂದುವ ಆಕೃತಿಗಳ ಪಾಠ ನಡೆಯುತ್ತಿದೆ. ಬೋರ್ಡಿನ ಮೇಲಿನ ವ್ಯಾಖ್ಯೆ ಅವಳಿಗೆ ಬಾಯಿಪಾಠ ಬರಲಿಲ್ಲ. ‘ದಡ್ಡಿ’ ಅನ್ನಿಸಿಕೊಂಡಳು. ಬೆಳಿಗ್ಗೆ ಅಷ್ಟು ದೊಡ್ಡ ಗಣಿತವನ್ನು ಬರೀ ಬೆರಳಲ್ಲಿ ಬಿಡಿಸಿದ ಮಗುವಿಗೆ ಈ ಮಾತು! ಚಿತ್ರಕಲೆಯ ಪೀರಿಯಡ್ ಸರಿಯಾಗಿ ನಡೆದಿದ್ದರೆ ವಾರಕ್ಕೊಮ್ಮೆಯಾದರೂ ಆ ಹುಡುಗಿ ಮೊದಲ ಸಾಲಿಗೆ ಬರುತ್ತಿದ್ದಳು. ಅದನ್ನೂ ಕಿತ್ತುಕೊಂಡರು.

ದುಡ್ಡಿದ್ದವರ ಮಕ್ಕಳಿಗೆ ಶಾಲೆಯಲ್ಲಿ ಸಂಗೀತ ತಪ್ಪಿದರೆ ಸಂಜೆ ಸಂಗೀತದ ಕ್ಲಾಸಿದೆ. ಭಾನುವಾರ ಡ್ರಾಯಿಂಗ್ ಕ್ಲಾಸಿದೆ. ಬೇಸಿಗೆಗೆ ಶಿಬಿರವಿದೆ. ಗಾರೆ ಕೆಲಸದವರ ಮಗುವಿಗೆ, ಗಾರ್ಮೆಂಟ್ಸ್‌ಗೆ ಹೋಗುವ ತಾಯಿಯ ಮಗುವಿಗೆ, ಕೂಲಿ ಮಾಡುವವರ ಮಗುವಿಗೆ ಏನಿದೆ? ಶಾಲೆ ಒಂದೇ ಇದೆ! ಅಲ್ಲಿ ಸಿಗದಿದ್ದರೆ ಆ ಮಗುವಿಗೆ ಬಣ್ಣವೂ ಇಲ್ಲ, ರಾಗವೂ ಇಲ್ಲ, ವೇಷವೂ ಇಲ್ಲ. ಪೀರಿಯಡ್ ಕದ್ದಾಗ ಮೊದಲು ಬರಿಗೈ ಆಗುವುದು ಬಡವರ ಮಕ್ಕಳು. ನೆನಪಿಡಿ!

ಒಂದು, ಎರಡು, ಮೂರನೇ ಕ್ಲಾಸಿನ ಮಕ್ಕಳನ್ನು ನೋಡಿ. ಹೆಗ್ಗಡದೇವನಕೋಟೆ ತಾಲೂಕಿನಲ್ಲಿ 1995ರಲ್ಲಿ ಶುರುವಾದ ನಲಿ-ಕಲಿ ಇಡೀ ರಾಜ್ಯದ ಸರ್ಕಾರಿ ಶಾಲೆಗಳಿಗೆ ಬಂತು. ಮಕ್ಕಳು ನೆಲದ ಮೇಲೆ ಗುಂಪಾಗಿ ಕೂತು, ಹಾಡಿ, ಕಾರ್ಡು ಜೋಡಿಸಿ ಕಲಿಯುತ್ತಾರೆ. ನಮ್ಮ ಮೇಷ್ಟ್ರುಗಳೇ ಕಟ್ಟಿದ ಹೆಮ್ಮೆಯ ಕೆಲಸ ಅದು. ಆದರೆ ನಾಲ್ಕನೇ ಕ್ಲಾಸಿಗೆ ಕಾಲಿಟ್ಟ ಕೂಡಲೇ ಹಾಡು ಬಂದ್! ಒಂಬತ್ತು ವರ್ಷದ ಮಗು ಒಂದು ಬೇಸಿಗೆ ರಜೆಯಲ್ಲಿ ಮುದುಕನಾಗಿಬಿಡುತ್ತದೆಯೇ?

ಹತ್ತನೇ ಕ್ಲಾಸಿಗೆ ಬಂದರಂತೂ ಕೇಳಲೇಬೇಡಿ. ಆರು ವಿಷಯ, 625 ಅಂಕ. ಎಷ್ಟೋ ವರ್ಷದಿಂದ ಈ ಲೆಕ್ಕವೇ ನಮ್ಮ ಮನೆಗಳನ್ನು ಆಳುತ್ತಿದೆ. ಬೆಳಿಗ್ಗೆ ಸ್ಪೆಷಲ್ ಕ್ಲಾಸು, ಸಂಜೆ ಸ್ಪೆಷಲ್ ಕ್ಲಾಸು, ರಾತ್ರಿ ಗುಂಪು ಓದು. ಹಿಂದುಳಿದ ಮಗುವಿನ ಕೈಗೆ ಪಾಸಾಗುವಷ್ಟೇ ಕಲಿಸುವ ‘ಪಾಸಿಂಗ್ ಪ್ಯಾಕೇಜ್’. ಮಗು ಉಣ್ಣುವಾಗಲೂ ಪರೀಕ್ಷೆ, ಮಲಗುವಾಗಲೂ ಪರೀಕ್ಷೆ.

ಮೇಷ್ಟ್ರುಗಳೇ, ಈ ಕರಪತ್ರ ನಿಮ್ಮ ಮೇಲೆ ಕಲ್ಲೆಸೆಯುವುದಕ್ಕಲ್ಲ. ನಿಮ್ಮ ಕಷ್ಟ ನಮಗೆ ಗೊತ್ತು. ಪೇಪರಿನಲ್ಲಿ ಜಿಲ್ಲೆಗಳ ರ್‍ಯಾಂಕ್ ಪಟ್ಟಿ ಬರುತ್ತೆ. ಮೇಲಿನವರು ಜಿಲ್ಲೆಯ ಶಿಕ್ಷಣ ಅಧಿಕಾರಿ ಡಿಡಿಪಿಐ ಅವರನ್ನು ಕೇಳುತ್ತಾರೆ. ಡಿಡಿಪಿಐ ತಾಲೂಕಿನ ಬಿಇಓ ಅವರನ್ನು, ಬಿಇಓ ಹೆಡ್‌ಮೇಷ್ಟ್ರನ್ನು, ಹೆಡ್‌ಮೇಷ್ಟ್ರು ನಿಮ್ಮನ್ನು. ಕೊನೆಗೆ ಅಷ್ಟೂ ಭಾರ ಬೀಳುವುದು ಹದಿನೈದು ವರ್ಷದ ಮಗುವಿನ ತಲೆ ಮೇಲೆ. ಚಿತ್ರಕಲಾ ಶಿಕ್ಷಕರು ಇರುವ ಕಡೆಯೂ ಅವರ ಕೈಗೆ ಕುಂಚದ ಬದಲು ಬಿಸಿಯೂಟದ ಲೆಕ್ಕ, ಆನ್‌ಲೈನ್ ಎಂಟ್ರಿ, ಚುನಾವಣೆ ಕೆಲಸ. ಶಿಕ್ಷಕರೂ ನಮ್ಮ ಹಾಗೇ ನೊಂದವರು. ಅದಕ್ಕೇ ಕರೆಯುತ್ತಿದ್ದೇವೆ. ನಮ್ಮ ಜೊತೆ ನಿಲ್ಲಿ!

2022ರಲ್ಲಿ ಈ ದೇಶದಲ್ಲಿ 13 ಸಾವಿರಕ್ಕೂ ಹೆಚ್ಚು ವಿದ್ಯಾರ್ಥಿಗಳು ತಮ್ಮ ಜೀವ ತಾವೇ ಕಳೆದುಕೊಂಡರು. ಕೇಂದ್ರದ ಅಪರಾಧ ದಾಖಲೆಗಳ ಬ್ಯೂರೋ ಕೊಟ್ಟ ಲೆಕ್ಕ ಇದು. ಒಬ್ಬೊಬ್ಬರದು ಒಂದೊಂದು ಸಂಕಟ, ಎಲ್ಲಕ್ಕೂ ಒಂದೇ ಕಾರಣ ಹೇಳಲಾಗದು. ಆದರೆ ಮಗು ತನ್ನ ಸಂಕಟವನ್ನು ಹೊರಹಾಕಲು ದಾರಿ ಬೇಕಲ್ಲ! ಬಾಯಿಬಿಟ್ಟು ಹೇಳಲಾರದ್ದನ್ನು ಕೆಲವು ಮಕ್ಕಳು ಬಣ್ಣದಲ್ಲಿ ಹೇಳುತ್ತವೆ. ಕೆಲವು ನಾಟಕದ ಪಾತ್ರದೊಳಗೆ ನಿಂತು ಅತ್ತು ಹಗುರಾಗುತ್ತವೆ. ಆ ದಾರಿಯನ್ನೇ ಮುಚ್ಚಿದ್ದೇವೆ. ನಿಮ್ಮ ಮಗು ಮಂಕಾಗಿದ್ದರೆ, ಊಟ ನಿದ್ದೆ ಬಿಟ್ಟಿದ್ದರೆ ಇವತ್ತೇ ಪಕ್ಕದಲ್ಲಿ ಕೂರಿಸಿಕೊಂಡು ಮಾತಾಡಿ. ಸರ್ಕಾರದ ಉಚಿತ ಸಹಾಯವಾಣಿ ಟೆಲಿ ಮಾನಸ್ ಇದೆ. ನಂಬರು 14416. ಹಗಲು ರಾತ್ರಿ ಯಾವಾಗ ಬೇಕಾದರೂ ಕರೆ ಮಾಡಿ. ಕನ್ನಡದಲ್ಲೇ ಮಾತಾಡಬಹುದು.

ಇನ್ನು ಧ್ಯಾನದ ಮಾತು. ಈಗ ಎಲ್ಲ ಕಡೆ ಇದರದೇ ಸುದ್ದಿ. ನಾವೂ ಬೇಕು ಅನ್ನುತ್ತೇವೆ. ದಿನಕ್ಕೆ ಐದು ನಿಮಿಷ ಮಗು ಸುಮ್ಮನೆ ಕೂರಲಿ. ತನ್ನ ಉಸಿರು ಒಳಗೆ ಹೋಗುವುದನ್ನು, ಹೊರಗೆ ಬರುವುದನ್ನು ಗಮನಿಸಲಿ. ಕಿಟಕಿಯಾಚೆ ಕೂಗುವ ಹಕ್ಕಿ ಯಾವುದು, ಬಿಸಿಯೂಟದ ಒಗ್ಗರಣೆ ಸದ್ದು ಎಲ್ಲಿಂದ, ಕೇಳಿಸಿಕೊಳ್ಳಲಿ. ರಂಗೋಲಿ ಮುಂದೆ ಆ ಹುಡುಗಿಗೆ ಇದ್ದ ಮನಸ್ಸು ಕ್ಲಾಸಿನಲ್ಲೂ ಬರಲಿ. ದೆಹಲಿಯ ಸರ್ಕಾರಿ ಶಾಲೆಗಳಲ್ಲಿ 2018ರಲ್ಲಿ ನರ್ಸರಿಯಿಂದ ಎಂಟನೇ ತರಗತಿವರೆಗೆ ದಿನಕ್ಕೊಂದು ಪೀರಿಯಡ್ ಇಂಥದ್ದಕ್ಕೇ ಇಟ್ಟರು. ಅದಕ್ಕೆ ಪರೀಕ್ಷೆ ಇರಲಿಲ್ಲ, ಅಂಕ ಇರಲಿಲ್ಲ.

ಆದರೆ ಎಚ್ಚರ! ‘ಕೈ ಕಟ್ಟು, ಬಾಯಿ ಮೇಲೆ ಬೆರಳಿಡು’ ಅಂತ ಹೆದರಿಸಿ ಕೂರಿಸುವುದು ಧ್ಯಾನವಲ್ಲ. ಹೆದರಿದ ಮಗು ಸುಮ್ಮನಿರುತ್ತದೆ, ನಿಜ. ಒಳಗೆ ನಡುಗುತ್ತಿರುತ್ತದೆ. ಕಣ್ಣು ಮುಚ್ಚಲು ಇಷ್ಟವಿಲ್ಲದ ಮಗುವನ್ನು ಹಾಗೇ ಬಿಡಿ, ಒತ್ತಾಯ ಬೇಡ. ಇದಕ್ಕೆ ಜಾತಿ ಧರ್ಮದ ಹೆಸರೂ ಬೇಡ, ಉಸಿರು ಎಲ್ಲರದೂ ಒಂದೇ. ದುಬಾರಿ ಪ್ಯಾಕೇಜ್ ಮಾರಲು ಬರುವವರೂ ಬೇಡ. ಇನ್ನೊಂದು ಮಾತು, ಇದೇ ಮುಖ್ಯ. ಬೆನ್ನ ಮೇಲಿನ ಹೊರೆ ಹಾಗೇ ಇಟ್ಟು ‘ಶಾಂತವಾಗಿರು’ ಅಂದರೆ ಯಾವ ಮಗುವಿಗೆ ಶಾಂತಿ ಬಂದೀತು? ಹತ್ತು ನಿಮಿಷ ಕಣ್ಣು ಮುಚ್ಚಿಸಿ, ಉಳಿದ ಏಳು ಪೀರಿಯಡ್ ಕಂಠಪಾಠ ಮಾಡಿಸುವುದಾದರೆ ನಮಗೆ ಆ ಧ್ಯಾನ ಬೇಡವೇ ಬೇಡ! ಮೊದಲು ಚಿತ್ರ, ಹಾಡು, ಆಟ ವಾಪಸ್ ಬರಲಿ. ಅದರ ಜೊತೆ ಮೌನವೂ ಬರಲಿ.

‘ನಮ್ಮಲ್ಲಿ ಪ್ರತಿಭಾ ಕಾರಂಜಿ ಸ್ಪರ್ಧೆ ಇದೆಯಲ್ಲ’ ಅನ್ನುತ್ತಾರೆ. ಇದೆ. ಒಳ್ಳೆಯದೇ. ಆದರೆ ಅದಕ್ಕೆ ಹೋಗುವುದು ಯಾರು? ಗೆಲ್ಲುವ ನಾಲ್ಕು ಮಕ್ಕಳು. ಉಳಿದವರ ಪಾಲಿಗೆ ಚಪ್ಪಾಳೆ. ಬೇಸುರಾಗಿ ಹಾಡುವ ಮಗುವಿಗೂ ಹಾಡುವ ಹಕ್ಕಿದೆ! ಸೊಟ್ಟ ಆನೆ ಬರೆಯುವ ಮಗುವಿಗೂ ಬಣ್ಣದ ಪೆಟ್ಟಿಗೆ ಬೇಕು!

ಇದು ನಾವು ಕೇಳುವ ಭಿಕ್ಷೆಯೂ ಅಲ್ಲ. ಶಿಕ್ಷಣ ಹಕ್ಕು ಕಾಯ್ದೆ 2009ರಲ್ಲೇ ಬರೆದಿದೆ. ಆರರಿಂದ ಎಂಟನೇ ತರಗತಿಯ ಶಾಲೆಯಲ್ಲಿ ನೂರಕ್ಕಿಂತ ಹೆಚ್ಚು ಮಕ್ಕಳಿದ್ದರೆ ಕಲೆಗೆ, ಆರೋಗ್ಯ ಮತ್ತು ದೈಹಿಕ ಶಿಕ್ಷಣಕ್ಕೆ, ಕೆಲಸದ ಶಿಕ್ಷಣಕ್ಕೆ ಅರೆಕಾಲಿಕ ಬೋಧಕರು ಇರಬೇಕು. ಮಗುವಿಗೆ ಹೊಡೆಯುವುದು, ಮನಸ್ಸಿಗೆ ಹಿಂಸೆ ಕೊಡುವುದು ಅದೇ ಕಾಯ್ದೆಯಡಿ ನಿಷೇಧ. ಕಲಿಕೆ ಭಯವಿಲ್ಲದೆ ನಡೆಯಬೇಕು ಅಂತಲೂ ಇದೆ. ನೂರು ಮಕ್ಕಳಿಲ್ಲದ ಹಳ್ಳಿ ಶಾಲೆ ಏನು ಮಾಡಬೇಕು? ಆ ಮಕ್ಕಳು ಮಕ್ಕಳಲ್ಲವೇ? ಮೂರ್ನಾಲ್ಕು ಶಾಲೆಗೆ ಸೇರಿಸಿ ಒಬ್ಬರನ್ನಾದರೂ ಕೊಡಿ ಅಂತ ಕೇಳೋಣ!

ದುಡ್ಡಿಲ್ಲ ಅನ್ನುವ ನೆಪ ಬೇಡ. ಕೆಮ್ಮಣ್ಣು, ಸುಣ್ಣ, ಇದ್ದಿಲು, ಹಳೇ ಪೇಪರ್ ಎಲ್ಲ ಊರಲ್ಲೂ ಇದೆ. ಸೋಬಾನೆ ಹಾಡುವ ಅಜ್ಜಿ ಇದ್ದಾರೆ. ತಮಟೆ ಬಾರಿಸುವ ಅಣ್ಣ ಇದ್ದಾನೆ. ಸಾಗರದ ಕಡೆ ದೀವರ ಮನೆಯ ಹೆಂಗಸರು ಕೆಮ್ಮಣ್ಣು ಬಳಿದ ಗೋಡೆ ಮೇಲೆ ಅಕ್ಕಿಹಿಟ್ಟಿನ ಬಣ್ಣದಲ್ಲಿ ಹಸೆ ಚಿತ್ತಾರ ಬರೆಯುತ್ತಾರೆ. ಅವರನ್ನು ಶಾಲೆಗೆ ಕರೆಸಿ. ಗೌರವಧನ ಕೊಟ್ಟು ಕರೆಸಿ, ಬಿಟ್ಟಿ ದುಡಿಸಬೇಡಿ! ಉಡುಪಿ ಕಡೆ ಹೈಸ್ಕೂಲು ಮಕ್ಕಳಿಗೆ ಯಕ್ಷಗಾನ ಕಲಿಸಿ, ಗೆಜ್ಜೆ ಕಟ್ಟಿ, ಬಣ್ಣ ಹಚ್ಚಿ ರಂಗಕ್ಕೆ ಏರಿಸುತ್ತಿದ್ದಾರೆ. ಹೆಣ್ಣುಮಕ್ಕಳೂ ರಾಕ್ಷಸ ವೇಷ ಹಾಕಿ ಅಬ್ಬರಿಸುತ್ತಾರೆ. ಪುತ್ತೂರಿನ ಬಾಲವನದಲ್ಲಿ ಶಿವರಾಮ ಕಾರಂತರು ಎಷ್ಟೋ ದಶಕದ ಹಿಂದೆಯೇ ಮಕ್ಕಳಿಗೆ ನಾಟಕ, ಆಟ, ಪಾಠ ಒಟ್ಟಿಗೇ ಉಣಿಸಿದ್ದರು. ಇವತ್ತು ನಮ್ಮ ಕೈಲಿ ಆಗುವುದಿಲ್ಲವೇ?

ಈಗ ನಮ್ಮ ಮನೆಯ ಮಾತೂ ಹೇಳಬೇಕು. ‘ಚಿತ್ರ ಬರೆದರೆ ಅನ್ನ ಸಿಗುತ್ತಾ?’ ಅಂತ ಮಗುವಿನ ಕೈಯಿಂದ ಕ್ರೇಯಾನ್ ಕಿತ್ತುಕೊಂಡವರು ನಮ್ಮಲ್ಲೂ ಇದ್ದಾರೆ. ಇನ್ನು ಸಾಕು. ಪಕ್ಕದ ಮನೆ ಮಗುವಿನ ಅಂಕ ತಂದು ನಮ್ಮ ಮಗುವಿನ ತಟ್ಟೆಗೆ ಬಡಿಸುವುದನ್ನೂ ನಿಲ್ಲಿಸೋಣ.

ಏನು ಮಾಡೋಣ? ಮನೆಯಲ್ಲಿ ಗೊಣಗಿದರೆ ಆಗುವುದಿಲ್ಲ. ನಿಮ್ಮ ಸರ್ಕಾರಿ ಶಾಲೆಯ ಎಸ್‌ಡಿಎಂಸಿ, ಅಂದರೆ ಶಾಲಾಭಿವೃದ್ಧಿ ಸಮಿತಿಯ ಸಭೆಗೆ ಹೋಗಿ. ಆ ಸಮಿತಿಯಲ್ಲಿ ಮುಕ್ಕಾಲು ಪಾಲು ಪೋಷಕರೇ ಇರಬೇಕು, ಅರ್ಧದಷ್ಟು ಹೆಂಗಸರಿರಬೇಕು. ಕಾನೂನು ಹಾಗೇ ಹೇಳುತ್ತೆ. ಅಮ್ಮಂದಿರೇ, ಸಹಿ ಹಾಕಿ ಎದ್ದು ಬರಬೇಡಿ! ಕೂತು ಕೇಳಿ: ‘ಕಳೆದ ತಿಂಗಳು ಎಷ್ಟು ಚಿತ್ರಕಲಾ ಪೀರಿಯಡ್ ನಡೆಯಿತು?’ ಉತ್ತರವನ್ನು ನಡಾವಳಿ ಪುಸ್ತಕದಲ್ಲಿ ಬರೆಸಿ. ಮಕ್ಕಳ ಗ್ರಾಮಸಭೆ ನಡೆದಾಗ ಮಕ್ಕಳೇ ಎದ್ದು ನಿಂತು ಕೇಳಲಿ, ನೀವು ಹಿಂದೆ ನಿಲ್ಲಿ. ಖಾಸಗಿ ಶಾಲೆಯಾದರೆ ಪೋಷಕರ ಸಭೆಯಲ್ಲಿ ಹತ್ತು ಜನ ಒಟ್ಟಿಗೆ ಕೇಳಿ. ಆ್ಯಕ್ಟಿವಿಟಿ ಫೀಸಿನ ಲೆಕ್ಕ ಕೇಳಿ. ವಾರ್ಷಿಕೋತ್ಸವಕ್ಕೆ ಒಂದು ಸಿನಿಮಾ ಹಾಡು ಕುಣಿಸಿದರೆ ಕಲಾಶಿಕ್ಷಣ ಮುಗಿಯಲಿಲ್ಲ ಅಂತ ಹೇಳಿ.

ಸರ್ಕಾರಿ ಶಾಲೆಗೆ ಸಂಬಂಧಿಸಿ ಬಾಯಿಮಾತಿಗೆ ಉತ್ತರ ಸಿಗದಿದ್ದರೆ ಬಿಇಓ ಕಚೇರಿಗೆ ಮಾಹಿತಿ ಹಕ್ಕಿನ ಅರ್ಜಿ ಹಾಕಿ. ಹತ್ತು ರೂಪಾಯಿ ಶುಲ್ಕ, ಬಿಪಿಎಲ್ ಕುಟುಂಬಕ್ಕೆ ಅದೂ ಇಲ್ಲ. ನಮ್ಮ ರಾಜ್ಯದಲ್ಲಿ ಒಂದು ಅರ್ಜಿಯಲ್ಲಿ ಒಂದೇ ವಿಷಯ, 150 ಪದದ ಒಳಗೆ ಇರಬೇಕು. ಹೀಗೆ ಬರೆದರೆ ಸಾಕು: ‘ನಮ್ಮ ತಾಲೂಕಿನ ಸರ್ಕಾರಿ ಶಾಲೆಗಳಲ್ಲಿ ಚಿತ್ರಕಲೆ, ಸಂಗೀತ, ನಾಟಕ ಶಿಕ್ಷಕರ ಮಂಜೂರಾದ ಹುದ್ದೆ ಎಷ್ಟು, ಭರ್ತಿಯಾದದ್ದು ಎಷ್ಟು, ಖಾಲಿ ಎಷ್ಟು? ಶಾಲಾವಾರು ಮಾಹಿತಿ ಕೊಡಿ.’ 30 ದಿನದಲ್ಲಿ ಉತ್ತರ ಕೊಡಲೇಬೇಕು. ಉತ್ತರ ಬಂದ ಮೇಲೆ ಅದನ್ನು ಜೆರಾಕ್ಸ್ ಮಾಡಿಸಿ ಊರ ಅರಳಿಕಟ್ಟೆಗೆ, ಬಸ್ ಸ್ಟ್ಯಾಂಡಿಗೆ, ಹಾಲಿನ ಡೈರಿ ಗೋಡೆಗೆ ಅಂಟಿಸಿ. ವೋಟು ಕೇಳಲು ಬಂದವರ ಕೈಗೂ ಒಂದು ಪ್ರತಿ ಕೊಡಿ.

ಬರುವ ಶನಿವಾರ ಶಾಲೆ ಬಿಡುವ ಹೊತ್ತಿಗೆ ಗೇಟಿನ ಬಳಿ ಬನ್ನಿ. ಬರುವಾಗ ಒಂದು ಸೀಮೆಸುಣ್ಣ ತನ್ನಿ. ಮಕ್ಕಳ ಜೊತೆ ರಸ್ತೆ ಮೇಲೆ ಚಿತ್ರ ಬರೆಯೋಣ, ಹಾಡೋಣ. ಆಮೇಲೆ ಎಲ್ಲರೂ ಸೇರಿ ಹೆಡ್‌ಮೇಷ್ಟ್ರ ಕೈಗೆ ಮನವಿ ಕೊಡೋಣ. ಈ ಕಾಗದವನ್ನು ಎಸೆಯಬೇಡಿ, ಪಕ್ಕದ ಮನೆಗೆ ಕೊಡಿ. ಓದಲು ಬಾರದವರಿಗೆ ನೀವೇ ಓದಿ ಹೇಳಿ. ಒಬ್ಬರೇ ಬರಬೇಡಿ, ಇಬ್ಬರನ್ನು ಕರೆದುಕೊಂಡು ಬನ್ನಿ!

ನಿಮ್ಮ ಹಾಗೇ ಮಕ್ಕಳನ್ನು ಶಾಲೆಗೆ ಕಳಿಸುವ ಪೋಷಕರು