ಬರಲ್ಲ ಅನ್ನುವುದಾದರೆ ಬೇಗ ಹೇಳಿ

ಚನ್ನಗಿರಿ, ಹೊನ್ನಾಳಿ, ನ್ಯಾಮತಿ, ಜಗಳೂರಿನ ಹುಡುಗ ಹುಡುಗಿಯರು ದಾವಣಗೆರೆಯ ಎಂಜಿನಿಯರಿಂಗ್ ಕಾಲೇಜುಗಳಲ್ಲಿ ಕ್ಯಾಂಪಸ್ ಸಂದರ್ಶನ ಗೆದ್ದರೆ ಸುದ್ದಿ ಸಂಜೆಯೊಳಗೆ ಊರು ಮುಟ್ಟುತ್ತದೆ. ತಕರಾರು ಶುರುವಾಗುವುದು ಆಮೇಲೆ. ಆಫರ್ ಲೆಟರ್‌ಗೆ ಒಪ್ಪಿಗೆ ಕಳಿಸಿ, ಜಾಯಿನಿಂಗ್ ಡೇಟ್ ಕಾಯುತ್ತಿರುವಾಗ ಬ್ಯಾಂಕ್ ಪರೀಕ್ಷೆಯ ಫಲಿತಾಂಶ ಬರುತ್ತದೆ. ಇಲ್ಲವೇ ಸರ್ಕಾರಿ ಆಯ್ಕೆ ಪಟ್ಟಿಯಲ್ಲಿ ಹೆಸರು ಕಾಣುತ್ತದೆ. 2024ರಲ್ಲಿ ರಾಜ್ಯ ಸರ್ಕಾರ 1,000 ಗ್ರಾಮ ಆಡಳಿತಾಧಿಕಾರಿ ಹುದ್ದೆಗಳಿಗೆ ನೇಮಕಾತಿ ನಡೆಸಿತು. ಊರಿಗೆ ಹತ್ತಿರದ ಇಂಥ ಕೆಲಸ ಕೈಗೆ ಬಂದರೆ ಬೆಂಗಳೂರಿನ ಬಾಡಿಗೆ ಕೋಣೆ ಯಾರಿಗೆ ಬೇಕು?

ಆಗ ಮನೆಯಲ್ಲಿ ಎರಡು ಸಲಹೆ ಕೇಳಿಬರುತ್ತವೆ. ಹಿರಿಯರದು, ‘ಒಪ್ಪಿಕೊಂಡ ಮೇಲೆ ಬಿಡಬಾರದು’. ಗೆಳೆಯರದು, ‘ಫೋನ್ ತೆಗೀಬೇಡ, ಅವರೇ ಸುಮ್ಮನಾಗ್ತಾರೆ’.

ಹಿರಿಯರ ಮಾತಿನ ಹಿಂದೆ, ತೋಟದ ಫಸಲನ್ನು ಮೊದಲೇ ಗುತ್ತಿಗೆಗೆ ಕೊಡುವ ಅಡಿಕೆ ಖೇಣಿಯ ಲೆಕ್ಕವಿದೆ. ಮುಂಗಡ ಪಡೆದು ಫಸಲು ಒಪ್ಪಿಸಿದ ಮೇಲೆ ಧಾರಣೆ ಏರಿತೆಂದು ಮಾತು ತಿರುಗಿಸಿದರೆ ಮರುವರ್ಷ ಆ ತೋಟಕ್ಕೆ ಖೇಣಿದಾರ ಬರುವುದಿಲ್ಲ. ಆದರೆ ಕ್ಯಾಂಪಸ್ ಆಫರ್‌ನಲ್ಲಿ ಕಂಪನಿ ಸಾಮಾನ್ಯವಾಗಿ ಮುಂಗಡ ಕೊಟ್ಟಿರುವುದಿಲ್ಲ. ತನ್ನ ಮಾತನ್ನು ಅದು ಉಳಿಸಿಕೊಳ್ಳುತ್ತದೆಂಬ ಖಾತರಿಯೂ ಇಲ್ಲ. ವಿಪ್ರೊ 2023ರ ಫೆಬ್ರುವರಿಯಲ್ಲಿ ವರ್ಷಕ್ಕೆ 6.5 ಲಕ್ಷ ರೂಪಾಯಿಯ ಆಫರ್ ಪಡೆದಿದ್ದ ಹೊಸಬರನ್ನು 3.5 ಲಕ್ಷಕ್ಕೆ ಬರುವಿರಾ ಎಂದು ಕೇಳಿತು. ಇನ್ಫೊಸಿಸ್‌ನಿಂದ 2022ರಲ್ಲೇ ಆಫರ್ ಪಡೆದಿದ್ದ ಹಲವರು ಕೆಲಸಕ್ಕೆ ಸೇರಲು 2024ರವರೆಗೆ ಕಾಯಬೇಕಾಯಿತು. ಹೀಗಿರುವಾಗ ಒಳ್ಳೆಯ ಕೆಲಸ ಸಿಕ್ಕ ಅಭ್ಯರ್ಥಿ ಮನಸ್ಸು ಬದಲಿಸಿದರೆ ಅದನ್ನು ದ್ರೋಹ ಎನ್ನುವುದು ಅತಿಯಾಯಿತು.

ಕಾನೂನೂ ಅಷ್ಟು ಕಠೋರವಾಗಿಲ್ಲ. ಒಪ್ಪಿಗೆ ಸಹಿ ಬಿದ್ದರೆ 1872ರ ಭಾರತೀಯ ಕರಾರು ಕಾಯ್ದೆಯಡಿ ಅದು ಕರಾರಾಗಬಹುದು, ನಷ್ಟವಾಗಿದ್ದರೆ ಪರಿಹಾರವನ್ನೂ ಕೇಳಬಹುದು. ಆದರೆ ಸೇರಲು ಮನಸ್ಸಿಲ್ಲದವರನ್ನು ಎಳೆತಂದು ಕುರ್ಚಿಯಲ್ಲಿ ಕೂರಿಸಿ ಎಂದು ನ್ಯಾಯಾಲಯ ಆದೇಶಿಸುವುದಿಲ್ಲ.

ಸೇರಿದ ಮೇಲಿನ ಕಥೆ ಬೇರೆ. ಮಂಗಳೂರಿನಲ್ಲಿ 1931ರಲ್ಲಿ ಹುಟ್ಟಿದ ವಿಜಯಾ ಬ್ಯಾಂಕ್, ಮೂರು ವರ್ಷಕ್ಕೆ ಮೊದಲು ಬಿಟ್ಟರೆ 2 ಲಕ್ಷ ರೂಪಾಯಿ ಕಟ್ಟಬೇಕೆಂಬ ಷರತ್ತಿನೊಡನೆ ಅಧಿಕಾರಿಗಳನ್ನು ನೇಮಿಸಿಕೊಂಡಿತ್ತು. 2007ರಲ್ಲಿ ಈ ಷರತ್ತಿನಡಿ ಹುದ್ದೆಗೆ ಸೇರಿದ ಅಧಿಕಾರಿಯೊಬ್ಬರು 2009ರಲ್ಲಿ ಇನ್ನೊಂದು ಬ್ಯಾಂಕಿಗೆ ಹೋಗಲು ರಾಜೀನಾಮೆ ಕೊಟ್ಟರು. ಆಕ್ಷೇಪ ದಾಖಲಿಸಿ ಹಣ ಕಟ್ಟಿ ಕೋರ್ಟಿಗೆ ಹೋದರು. ಕರ್ನಾಟಕ ಹೈಕೋರ್ಟ್‌ನಲ್ಲಿ ಅವರು ಗೆದ್ದರೂ 2025ರ ಮೇ 14ರಂದು ಸುಪ್ರೀಂ ಕೋರ್ಟ್ ಬ್ಯಾಂಕಿನ ಷರತ್ತನ್ನೇ ಎತ್ತಿಹಿಡಿಯಿತು. ಸಾರ್ವಜನಿಕ ಬ್ಯಾಂಕ್ ಒಂದು ಹುದ್ದೆ ತುಂಬಲು ಜಾಹೀರಾತು, ಪರೀಕ್ಷೆ ಎಂದು ಮತ್ತೆ ಹಣ ಮತ್ತು ಸಮಯ ಸುರಿಯಬೇಕಾಗುತ್ತದೆ ಎಂಬುದು ಕೋರ್ಟಿನ ಮುಖ್ಯ ವಾದವಾಗಿತ್ತು.

ಈ ವಾದವನ್ನೇ ತಿರುಗಿಸಿ ನೋಡಿದರೆ ಸೇರುವ ಮೊದಲೇ ಬಿಡುವುದು ಎಲ್ಲರಿಗೂ ಅಗ್ಗ. ಆದರೆ ಹೇಳಿ ಬಿಡಬೇಕು. ಗೆಳೆಯರ ಸಲಹೆ ಕೆಡುವುದು ಇಲ್ಲೇ. ಫೋನ್ ಎತ್ತದಿದ್ದರೆ ಏಟು ಬೀಳುವುದು ದೊಡ್ಡ ಕಂಪನಿಗಲ್ಲ, ಅದೇ ಪಟ್ಟಿಯಲ್ಲಿ ಮುಂದಿನ ಸಾಲಿನಲ್ಲಿರುವವರಿಗೆ. ‘ಒಬ್ಬ ವಿದ್ಯಾರ್ಥಿಗೆ ಒಂದೇ ಕೆಲಸ’ ಎಂಬ ನಿಯಮವಿರುವ ಕಾಲೇಜಿನಲ್ಲಂತೂ, ಖಾಲಿ ಬೀಳಲಿರುವ ಸೀಟು ಇನ್ನೊಬ್ಬ ಸಹಪಾಠಿಯದಾಗಬಹುದಿತ್ತು. ಜಾಯಿನಿಂಗ್ ದಿನ ಹತ್ತು ಮಂದಿಯಲ್ಲಿ ಆರು ಮಂದಿ ಬಾರದಿದ್ದರೆ, ಬೆಂಗಳೂರು ಬಿಟ್ಟು ದಾವಣಗೆರೆಯವರೆಗೆ ಬಂದ ಕಂಪನಿ ಮುಂದಿನ ವರ್ಷ ಬರುವ ಮೊದಲು ಎರಡು ಸಲ ಯೋಚಿಸುತ್ತದೆ. ಆ ನಷ್ಟ ಜೂನಿಯರ್‌ಗಳದು.

ಹೊಣೆ ಅಭ್ಯರ್ಥಿಯ ಮೇಲೆ ಮಾತ್ರ ಹೊರಿಸುವುದೂ ಸಲ್ಲ. ಕೆಲಸ ಬದಲಿಸುವವರಿಗೆ ಐ.ಟಿ. ವಲಯದ ಹಲವು ಕಂಪನಿಗಳ 90 ದಿನಗಳ ನೋಟಿಸ್ ಪೀರಿಯಡ್ ಮೂರು ತಿಂಗಳು ಬೇರೆ ಆಫರ್ ಹುಡುಕಲು ಕೊಟ್ಟ ರಹದಾರಿಯಂತಾಗಿದೆ, ಅದು ಇಳಿಯಬೇಕು. ಜಾಯಿನಿಂಗ್ ಡೇಟ್ ಇಲ್ಲದ ಆಫರ್ ಲೆಟರನ್ನು ಕಾಲೇಜುಗಳು ಪ್ಲೇಸ್‌ಮೆಂಟ್ ಲೆಕ್ಕಕ್ಕೆ ಸೇರಿಸಬಾರದು. ಕಂಪನಿ ದಿನ ಮುಂದೂಡಿದ ಕ್ಷಣದಿಂದ ವಿದ್ಯಾರ್ಥಿಗೆ ಬೇರೆ ಸಂದರ್ಶನಕ್ಕೆ ಕೂರುವ ಹಕ್ಕು ಸಿಗಬೇಕು.

ಉಳಿದದ್ದು ನಾಲ್ಕು ಸಾಲಿನ ಮೇಲ್. ಬೇರೆ ಕೆಲಸದ ಆದೇಶ ಕೈಸೇರಿದ ಮೇಲೆ, ಬಾಂಡ್ ಷರತ್ತಿದ್ದರೆ ಓದಿಕೊಂಡು, ತಡಮಾಡದೆ ಬರೆಯಬೇಕು: ಸೇರಲಾಗುತ್ತಿಲ್ಲ, ಕ್ಷಮಿಸಿ, ಈ ಸ್ಥಾನವನ್ನು ಬೇರೆಯವರಿಗೆ ಕೊಡಿ. ಅದರ ಪ್ರತಿ ಕಾಲೇಜಿನ ಪ್ಲೇಸ್‌ಮೆಂಟ್ ಅಧಿಕಾರಿಗೂ ಹೋಗಬೇಕು.