ಶೀಶಾ ತೆಗೆದರೆ ಉಳಿಯುವ ಲೆಕ್ಕವೆಷ್ಟು? ಅರಬ್ ರೆಸ್ಟೋರೆಂಟ್ ಕನಸು ಕಾಣುವ ಯುವಕರಿಗೊಂದು ಮಾತು

ಕಳೆದ ತಿಂಗಳು ಚಿಕ್ಕಪ್ಪನ ಮಗ ನನ್ನ ಅಂಗಡಿಗೆ ಬಂದಿದ್ದ. ಆರು ವರ್ಷ ಶಾರ್ಜಾದ ಸೂಪರ್ ಮಾರ್ಕೆಟ್‌ನಲ್ಲಿ ದುಡಿದು ಊರಿಗೆ ಮರಳಿದ ಹುಡುಗ. ಕೈಯಲ್ಲಿ 14 ಲಕ್ಷ ರೂಪಾಯಿ ಉಂಟು. ಉಮ್ಮನ ಚಿನ್ನ ಅಡವಿಟ್ಟು ಇನ್ನೊಂದಿಷ್ಟು, ಬಾಕಿ ಪಾಲುದಾರರಿಂದ ಅಂತ ಅವನ ಲೆಕ್ಕ. ತಲಪಾಡಿ-ಉಪ್ಪಳ ಹೆದ್ದಾರಿ ಬದಿಯಲ್ಲಿ ಮೊರೊಕ್ಕನ್-ಲೆಬನೀಸ್ ಲೌಂಜ್ ಮಾಡುವ ಯೋಜನೆ. ಕೆಳಗೆ ಊಟ, ಮೇಲೆ ಶೀಶಾ, ವಾರಾಂತ್ಯಕ್ಕೆ ಸಂಗೀತ. "ಇಚ್ಚಾ, ನೀವು ಬಿ.ಕಾಂ. ಓದಿದವರು, ಒಮ್ಮೆ ಲೆಕ್ಕ ನೋಡಿ. ಆದರೆ ಪಾಲಿಗೂ ಸೇರಿ" ಅಂತ ಒಂದು ಹಾಳೆ ಮುಂದಿಟ್ಟ.

ಆ ಹಾಳೆ ನೋಡಿದ ಮೇಲೆ ಇದನ್ನು ಬರೆಯಬೇಕು ಅನ್ನಿಸಿತು. ಇಂಥ ಹಾಳೆ ಹಿಡಿದು ತಿರುಗುವ ಹುಡುಗರು ನಮ್ಮಲ್ಲಿ ಅವನೊಬ್ಬನೇ ಅಲ್ಲ.

ಅವನು ಹೇಳುವ ತರದ ಜಾಗದಲ್ಲಿ ನಾನೂ ಒಮ್ಮೆ ಊಟ ಮಾಡಿದ್ದೇನೆ. ವ್ಯಾಪಾರದ ಕೆಲಸಕ್ಕೆ ದುಬೈಗೆ ಹೋಗಿದ್ದಾಗ ಅಲ್ಲಿನ ಗೆಳೆಯರು ಕರೆದುಕೊಂಡು ಹೋಗಿದ್ದರು. ಬಣ್ಣದ ಗಾಜಿನ ದೀಪಗಳು, ತಗ್ಗಿನ ಸೋಫಾಗಳು, ಒಂದು ಮೂಲೆಯಲ್ಲಿ ಊದ್ ವಾದ್ಯ ನುಡಿಸುವವನು. ಮೊದಲು ಮೆಜ್ಜೆ ಬಂತು. ಅಂದರೆ ಹಮ್ಮುಸ್, ತಬ್ಬೂಲೆ, ಸುಟ್ಟ ಬದನೆಯ ಮುತಬ್ಬಲ್, ಬಿಸಿ ರೊಟ್ಟಿ. ಆಮೇಲೆ ಮಣ್ಣಿನ ಮುಚ್ಚಳ ತೆಗೆದು ಕೊಟ್ಟ ಕುರಿ ಮಾಂಸದ ತಾಜಿನ್. ಊಟ ನಿಜವಾಗಿಯೂ ಚೆನ್ನಾಗಿತ್ತು, ಅದರಲ್ಲಿ ಎರಡು ಮಾತಿಲ್ಲ. ರಾತ್ರಿ ಹತ್ತರ ನಂತರ ಬೆಳಕು ಕಡಿಮೆಯಾಯಿತು, ಹಾಡಿನ ಸದ್ದು ಏರಿತು, ನೃತ್ಯದವರು ಬಂದರು. ಟೇಬಲ್ ಟೇಬಲ್‌ಗೂ ಕೆಂಡ ಹಿಡಿದ ಹುಡುಗರು ಓಡಾಡತೊಡಗಿದರು.

ನಾವು ನಾಲ್ಕು ಮಂದಿ, ಬಿಲ್ಲು 600 ದಿರ್ಹಂ. ಅದರಲ್ಲಿ ಊಟ, ಚಹಾ, ಜ್ಯೂಸ್ ಎಲ್ಲ ಸೇರಿ 420. ಬರೀ ಎರಡು ಶೀಶಾಕ್ಕೆ 180. ಅಂದರೆ ನೂರಕ್ಕೆ ಮೂವತ್ತು ಹೊಗೆಗೆ ಹೋಯಿತು. ಒಂದು ಶೀಶಾಕ್ಕೆ ಬೇಕಾಗುವುದು 10ರಿಂದ 20 ಗ್ರಾಂ ತಂಬಾಕು, ನಾಲ್ಕು ತುಂಡು ಇದ್ದಿಲು, ನೀರು. ಯುಎಇಯಲ್ಲಿ 2017ರ ಅಕ್ಟೋಬರ್‌ನಿಂದ ತಂಬಾಕಿನ ಮೇಲೆ ನೂರಕ್ಕೆ ನೂರು ಅಬಕಾರಿ ತೆರಿಗೆ ಇದೆ. ಅದನ್ನು ಕಟ್ಟಿದ ಮೇಲೂ ಲಾಭ ಬಿಡುವ ವಸ್ತು ಇದು. ತಾಜಿನ್ ಹಾಗಲ್ಲ. ಮಾಂಸಕ್ಕೆ ರೇಟು ಉಂಟು, ಗಂಟೆಗಟ್ಟಲೆ ಸಣ್ಣ ಉರಿ ಬೇಕು, ಕೈಪಳಗಿದ ಅಡುಗೆಯವನಿಗೆ ಸಂಬಳ ಬೇಕು. ಗಿರಾಕಿಯನ್ನು ಒಳಗೆ ಕರೆಯುವುದು ಊಟ, ಎರಡು ಗಂಟೆ ಕೂರಿಸಿ ದುಡ್ಡು ಮಾಡುವುದು ಶೀಶಾ ಮತ್ತು ಮನರಂಜನೆ.

ನಮ್ಮ ಹುಡುಗನ ಹಾಳೆಯಲ್ಲೂ ಅದೇ ಇತ್ತು. ನಾನು ಪೆನ್ನಿನಿಂದ ಶೀಶಾದ ಸಾಲು ಹೊಡೆದು ಹಾಕಿ ಮತ್ತೆ ಕೂಡಿಸಿದೆ. ಲಾಭ ಹೋಗಿ ತಿಂಗಳು ತಿಂಗಳು ನಷ್ಟ ಬಂತು. ಅಂದರೆ ಅವನು ಇಡಹೊರಟದ್ದು ಹೋಟೆಲ್ ಅಲ್ಲ, ಹುಕ್ಕಾ ಬಾರ್. ಊಟ ಅದಕ್ಕೆ ಹಾಕಿದ ಬೋರ್ಡು ಮಾತ್ರ.

ಆ ಸಾಲು ಹೊಡೆದದ್ದು ನನ್ನ ಹಟಕ್ಕಲ್ಲ, ಕಾನೂನು ಹಾಗೆ ಇದೆ. ಬೆಂಗಳೂರಿನ ಕೋರಮಂಗಲದಲ್ಲಿ 2023ರ ಅಕ್ಟೋಬರ್‌ನಲ್ಲಿ ಕಟ್ಟಡವೊಂದರ ಮೇಲಿನ ಕೆಫೆಗೆ ಬೆಂಕಿ ಬಿದ್ದದ್ದು ನೆನಪಿರಬಹುದು. ಅದಾದ ಮೇಲೆ 2024ರ ಫೆಬ್ರವರಿಯಲ್ಲಿ ಕರ್ನಾಟಕ ಸರಕಾರ ರಾಜ್ಯದಾದ್ಯಂತ ಹುಕ್ಕಾ ಮಾರಾಟ ಮತ್ತು ಸೇವನೆಯನ್ನು ನಿಷೇಧಿಸಿತು. ಹುಕ್ಕಾ ಬಾರ್ ಮಾಲಕರು ಹೈಕೋರ್ಟಿಗೆ ಹೋದರು. ಅದೇ ಎಪ್ರಿಲ್‌ನಲ್ಲಿ ನ್ಯಾಯಮೂರ್ತಿ ಎಂ. ನಾಗಪ್ರಸನ್ನ ಅವರ ಪೀಠ ಅರ್ಜಿಗಳನ್ನು ವಜಾ ಮಾಡಿ ನಿಷೇಧವನ್ನು ಎತ್ತಿ ಹಿಡಿಯಿತು. ತಂಬಾಕು ಕಾಯ್ದೆಗೆ ರಾಜ್ಯ ತಂದ ತಿದ್ದುಪಡಿಗೆ ರಾಷ್ಟ್ರಪತಿಗಳ ಅಂಕಿತ ಬಿದ್ದು 2025ರ ಮೇ ತಿಂಗಳಲ್ಲಿ ಜಾರಿಗೆ ಬಂತು. ಇನ್ನು ಹುಕ್ಕಾ ಬಾರ್ ನಡೆಸಿದರೆ 1ರಿಂದ 3 ವರ್ಷ ಜೈಲು, 50 ಸಾವಿರದಿಂದ 1 ಲಕ್ಷ ರೂಪಾಯಿವರೆಗೆ ದಂಡ. ತಂಬಾಕು ಮಾರಬಹುದಾದ ವಯಸ್ಸನ್ನೂ 18ರಿಂದ 21ಕ್ಕೆ ಏರಿಸಲಾಗಿದೆ.

"ಅದು ಕರ್ನಾಟಕದ ಕಾನೂನು ಇಚ್ಚಾ, ನಾನು ಮಾಡುವುದು ಗಡಿಯ ಈಚೆ" ಅಂದ ಹುಡುಗ. ಗಡಿನಾಡಿನವರಾದ ನಮಗೆ ಈ ಯೋಚನೆ ಬೇಗ ಬರುತ್ತದೆ. ಪೆಟ್ರೋಲಿಗೆ ಆಚೆ ಹೋಗುವವರು, ಇನ್ನೊಂದಕ್ಕೆ ಈಚೆ ಬರುವವರು ದಿನಾ ಕಾಣುತ್ತಾರೆ. ಆದರೆ 2003ರ ಕೇಂದ್ರ ತಂಬಾಕು ಕಾಯ್ದೆಗೆ ತಲಪಾಡಿಯ ಗಡಿ ಗೊತ್ತಿಲ್ಲ. ಸಾರ್ವಜನಿಕ ಸ್ಥಳದಲ್ಲಿ ಧೂಮಪಾನ ನಿಷೇಧದ ನಿಯಮ 2008ರ ಅಕ್ಟೋಬರ್ 2ರಿಂದ ಇಡೀ ದೇಶಕ್ಕೆ ಇದೆ, ರೆಸ್ಟೋರೆಂಟ್ ಕೂಡಾ ಅದರೊಳಗೆ ಬರುತ್ತದೆ. 30 ಅಥವಾ ಅದಕ್ಕಿಂತ ಹೆಚ್ಚು ಆಸನ ಇದ್ದರೆ ಪ್ರತ್ಯೇಕ ಧೂಮಪಾನ ಕೋಣೆ ಮಾಡಬಹುದು. ಆದರೆ ಆ ಕೋಣೆಯಲ್ಲಿ ಯಾವ ಸೇವೆಯನ್ನೂ ಕೊಡಬಾರದು ಅಂತ 2017ರಲ್ಲಿ ತಿದ್ದುಪಡಿ ಆಗಿದೆ. ಸೇವೆ ಕೊಡದೆ ಹುಕ್ಕಾ ಹಚ್ಚಿಕೊಡುವುದು ಹೇಗೆ? ಗಡಿ ದಾಟಿಸಿದರೆ ಲಾಭ ಬಂದೀತು ಅನ್ನುವುದು ಆಸೆ ಮಾತ್ರ, ಉಮ್ಮನ ಚಿನ್ನವನ್ನು ಅದರ ಮೇಲೆ ಇಡಲಾಗದು.

ಇನ್ನೊಂದು ಮಾತು ಅವನ ಬಾಯಲ್ಲಿ ಪದೇ ಪದೇ ಬಂತು: "ಇದು ಅರಬರ ಸಂಸ್ಕೃತಿ, ನಮಗೆ ಹೊಸದಲ್ಲ." ಹಲಾಲ್ ಬೋರ್ಡು, ಅರಬಿ ಅಕ್ಷರ ಕಂಡರೆ ಒಳಗಿರುವುದೆಲ್ಲ ನಮ್ಮದೇ ಅನ್ನಿಸುವುದು ಸಹಜ. ಆದರೆ ಸ್ವಲ್ಪ ಬಿಡಿಸಿ ನೋಡಿ. ಮೊರೊಕ್ಕೋದ ಕಾಸಾಬ್ಲಾಂಕಾಕ್ಕೂ ಲೆಬನಾನ್‌ನ ಬೈರೂತ್‌ಗೂ ನಡುವೆ ಮೂರೂವರೆ ಸಾವಿರ ಕಿಲೋಮೀಟರಿಗೂ ಹೆಚ್ಚು ದೂರ. ಕುಸ್ಕುಸ್ ಮತ್ತು ತಾಜಿನ್ ಒಂದು ಕಡೆಯವು, ಹಮ್ಮುಸ್ ಮತ್ತು ತಬ್ಬೂಲೆ ಇನ್ನೊಂದು ಕಡೆಯವು. ಮೊರೊಕ್ಕೋದ ಮನೆಗಳಲ್ಲಿ ಅತಿಥಿ ಬಂದರೆ ಪುದೀನಾ ಹಾಕಿದ ಸಿಹಿ ಗ್ರೀನ್ ಟೀ ಕೊಡುತ್ತಾರೆ, ಶೀಶಾ ಅಲ್ಲಿನ ಹಳೆಯ ವಾಡಿಕೆಯೇ ಅಲ್ಲ. ರೆಸ್ಟೋರೆಂಟ್‌ಗಳಲ್ಲಿ ನಡೆಯುವ ಹೊಟ್ಟೆ ಕುಣಿತ ಈಜಿಪ್ಟ್ ಕಡೆಯದು. ಶೀಶಾ ಎಂಬ ಹುಕ್ಕಾ ಹುಟ್ಟಿದ್ದು ಭಾರತ-ಇರಾನ್ ಕಡೆ ಅಂತ ಹೆಚ್ಚಿನ ಇತಿಹಾಸಕಾರರು ಹೇಳುತ್ತಾರೆ. ಅಕ್ಬರನ ಆಸ್ಥಾನಕ್ಕೆ ತಂಬಾಕು ಹೋದದ್ದು ನಮ್ಮ ಬಿಜಾಪುರದಿಂದ. ಅಲ್ಲಿಗೆ ರಾಯಭಾರಿಯಾಗಿ ಬಂದಿದ್ದ ಅಸದ್ ಬೇಗ್ 17ನೇ ಶತಮಾನದ ಆರಂಭದಲ್ಲಿ ಅದನ್ನು ಕೊಂಡೊಯ್ದು ಬಾದಶಹನ ಮುಂದಿಟ್ಟನಂತೆ. ಹೀಗೆ ನಾಲ್ಕೈದು ಕಡೆಯ ಸರಕನ್ನು ಒಂದೇ ಪೆಟ್ಟಿಗೆಯಲ್ಲಿ ಹಾಕಿ 'ಅರಬ್ ರಾತ್ರಿ' ಅಂತ ಪ್ರವಾಸಿಗರಿಗೆ ಮಾರುವುದು ಒಂದು ವ್ಯಾಪಾರ. ಅದರಲ್ಲಿ ತಪ್ಪಿಲ್ಲ. ಆದರೆ ಪ್ಯಾಕಿಂಗನ್ನು ನೋಡಿ ಸಂಸ್ಕೃತಿ ಅಂತ ನಾವು ಬಂಡವಾಳ ಹಾಕಬಾರದು.

ಲೆಬನಾನ್ ಕೂಡಾ ಈ ಹೊಗೆಯ ಜೊತೆ ಗುದ್ದಾಡುತ್ತಿದೆ. 2011ರಲ್ಲಿ ಅಲ್ಲಿನ ಸಂಸತ್ತು ಒಳಾಂಗಣ ಧೂಮಪಾನ ನಿಷೇಧಿಸುವ 174ನೇ ಕಾನೂನು ತಂದಿತು, ಮರುವರ್ಷ ಅದು ರೆಸ್ಟೋರೆಂಟ್‌ಗಳಿಗೂ ಅನ್ವಯವಾಯಿತು. ಮಾಲಕರು ಶೀಶಾ ಹೋದರೆ ವ್ಯಾಪಾರ ಹೋಗುತ್ತದೆ ಅಂತ ಬೀದಿಗಿಳಿದರು, ಜಾರಿ ಸಡಿಲವಾಯಿತು. ಇಂಗ್ಲೆಂಡಿನಲ್ಲಿ 2007ರ ಜುಲೈ 1ರಿಂದ ಶೀಶಾವನ್ನೂ ಒಳಗೆ ಸೇದುವಂತಿಲ್ಲ. ಲಂಡನ್ನಿನ ಎಡ್ಜ್‌ವೇರ್ ರೋಡಿನ ಅರಬ್ ಹೋಟೆಲ್‌ಗಳು ಕುರ್ಚಿಯನ್ನು ಫುಟ್‌ಪಾತಿಗೆ ತಂದವು. ಕಾರಣ ಆರೋಗ್ಯದ್ದು. ನೀರಿನಲ್ಲಿ ಹಾದು ಬರುವ ಹೊಗೆ ಶುದ್ಧ ಅನ್ನುವುದು ನಮ್ಮ ಹುಡುಗರ ದೊಡ್ಡ ತಪ್ಪುಕಲ್ಪನೆ. ಒಂದು ಬಾರಿ ಕೂತು ಶೀಶಾ ಸೇದುವವನು 100 ಅಥವಾ ಅದಕ್ಕಿಂತ ಹೆಚ್ಚು ಸಿಗರೇಟಿನಷ್ಟು ಹೊಗೆಯನ್ನು ಒಳಗೆಳೆದುಕೊಳ್ಳಬಹುದು ಅಂತ ವಿಶ್ವ ಆರೋಗ್ಯ ಸಂಸ್ಥೆ 2005ರಲ್ಲೇ ಎಚ್ಚರಿಸಿತ್ತು. ತಂಬಾಕು ಇಲ್ಲದ 'ಹರ್ಬಲ್' ಶೀಶಾದಲ್ಲೂ ಇದ್ದಿಲಿನ ಕಾರ್ಬನ್ ಮೊನಾಕ್ಸೈಡ್ ಇದ್ದೇ ಇರುತ್ತದೆ. ಆಪಲ್, ಮಿಂಟ್ ಪರಿಮಳ ಇರುವ ಕಾರಣ ಮನೆಯವರಿಗೆ ವಾಸನೆಯೂ ಗೊತ್ತಾಗುವುದಿಲ್ಲ.

ಹಾಗಾದರೆ ಆ ರೆಸ್ಟೋರೆಂಟ್‌ನಿಂದ ನಾವು ಕಲಿಯುವುದು ಏನೂ ಇಲ್ಲವೇ? ಖಂಡಿತ ಉಂಟು. ಲೆಬನಾನ್ ನಮ್ಮ ಹಾಗೆಯೇ ಹೊರಗೆ ದುಡಿಯಲು ಹೋದವರ ನಾಡು. ದೇಶದೊಳಗೆ ಇರುವವರಿಗಿಂತ ಹೊರಗಿರುವ ಲೆಬನೀಸ್ ಮೂಲದವರೇ ಜಾಸ್ತಿ ಅನ್ನುತ್ತಾರೆ. 2019ರಿಂದ ಅವರ ಕರೆನ್ಸಿ ನೂರರಲ್ಲಿ ತೊಂಬತ್ತಕ್ಕಿಂತಲೂ ಹೆಚ್ಚು ಬೆಲೆ ಕಳಕೊಂಡಿತು. 2020ರ ಆಗಸ್ಟ್ 4ರಂದು ಬೈರೂತ್ ಬಂದರಿನ ಸ್ಫೋಟದಲ್ಲಿ 200ಕ್ಕೂ ಹೆಚ್ಚು ಜನ ಸತ್ತರು. ಆಮೇಲೆ ಯುದ್ಧ. ಮತ್ತೆ ಮತ್ತೆ ಊರು ಬಿಟ್ಟ ಈ ಜನ ಹೋದ ಕಡೆಯೆಲ್ಲ ಮನೆಯ ಅಡುಗೆಯನ್ನೇ ಬಂಡವಾಳ ಮಾಡಿಕೊಂಡರು. ಮೆಕ್ಸಿಕೋಕ್ಕೆ ಹೋದವರ ಶವರ್ಮಾ ಅಲ್ಲಿ 'ಟಾಕೋಸ್ ಅಲ್ ಪಾಸ್ತೋರ್' ಆಗಿ ಬೀದಿ ಬೀದಿಯ ತಿಂಡಿಯಾಯಿತು. ಅವರ ಮೆಜ್ಜೆಯಲ್ಲಿ ದುಬಾರಿ ಸಾಮಾನು ಏನಿದೆ? ಕಾಬೂಲಿ ಕಡಲೆ, ಎಳ್ಳು, ಬದನೆ, ನಿಂಬೆ, ಸೊಪ್ಪು. ಇದರಲ್ಲಿ ಹೆಚ್ಚಿನದನ್ನು ನಾನು ನನ್ನ ಅಂಗಡಿಯಲ್ಲೇ ಮಾರುತ್ತೇನೆ. ರುಚಿ ದಿನಾ ಒಂದೇ ತರ ಇರುವುದು, ಶುಚಿತ್ವ, ಬಡಿಸುವ ಮರ್ಯಾದೆ, ಇವೇ ಅವರ ಅಸಲು.

ನಾವು ಅವರಿಂದ ಶವರ್ಮಾ ತಂದೆವು, ಶಿಸ್ತು ತರಲಿಲ್ಲ. 2022ರ ಮೇ ತಿಂಗಳಲ್ಲಿ ನಮ್ಮದೇ ಕಾಸರಗೋಡು ಜಿಲ್ಲೆಯ ಚೆರುವತ್ತೂರಿನಲ್ಲಿ ಶವರ್ಮಾ ತಿಂದು 16 ವರ್ಷದ ವಿದ್ಯಾರ್ಥಿನಿ ತೀರಿಕೊಂಡಳು, ಹಲವರು ಆಸ್ಪತ್ರೆ ಸೇರಿದರು. ಆಮೇಲೆ ಕೇರಳ ಸರಕಾರ ಶವರ್ಮಾಕ್ಕೆ ಪ್ರತ್ಯೇಕ ಮಾರ್ಗಸೂಚಿ ತಂದಿತು, 2023ರ ಜನವರಿಯಲ್ಲಿ ಹಸಿ ಮೊಟ್ಟೆಯ ಮೇಯನೇಸ್ ನಿಲ್ಲಿಸಿತು. ಲೌಂಜಿನ ದೀಪಕ್ಕೆ ಐದು ಲಕ್ಷ ಇಡುವವನ ಹಾಳೆಯಲ್ಲಿ ಕೋಲ್ಡ್ ಸ್ಟೋರೇಜಿಗೆ, ಅಡುಗೆಯವರ ತರಬೇತಿಗೆ ಎಷ್ಟಿದೆ ಅಂತ ನಾನು ಹುಡುಕಿದೆ. ಒಂದು ಸಾಲೂ ಇರಲಿಲ್ಲ.

ಇನ್ನೊಂದು ಸಂಗತಿ. ನಮ್ಮ ನೈಪತ್ತಿರ್, ಪಿಂಡಿ, ನೈಚೋರ್, ಮೀನು ಸಾರು ಕೂತು ತಿನ್ನುವ ಒಳ್ಳೆಯ ಜಾಗ ಈ ಹೆದ್ದಾರಿಯಲ್ಲಿ ಎಷ್ಟಿದೆ? ಮದುವೆ ಮನೆಯಲ್ಲಿ ನೂರಾರು ಜನ ಹೊಗಳಿ ತಿನ್ನುವ ಅಡುಗೆ ಅದು. ಬೈರೂತಿನವರು ಉಮ್ಮನ ಅಡುಗೆಯನ್ನು ಲೋಕಕ್ಕೆ ಮಾರುವಾಗ ನಾವು ಉಮ್ಮನ ಚಿನ್ನ ಅಡವಿಟ್ಟು ಅವರ ಹೊಗೆಯನ್ನು ಖರೀದಿಸಲು ಹೊರಟಿದ್ದೇವೆ.

ಹುಡುಗನಿಗೆ ನಾನು ಇಷ್ಟೇ ಹೇಳಿದೆ: "ಶೀಶಾ ಇಲ್ಲದೆ, ನೃತ್ಯ ಇಲ್ಲದೆ, 40 ಆಸನದ ಊಟದ ಜಾಗದ ಲೆಕ್ಕ ಬರೆದು ತಾ. ಅರಬ್ ಊಟವೂ ಇರಲಿ, ನಮ್ಮದೂ ಇರಲಿ. ಮೊದಲ ವರ್ಷ ಲಾಭ ಬರಲಿಕ್ಕಿಲ್ಲ, ಅದನ್ನೂ ಬರಿ. ಹೆಂಗಸರು, ಮಕ್ಕಳು, ಮುದುಕರು ಬಂದು ಕೂರುವ ಹಾಗಿದ್ದರೆ ನನ್ನದೂ ಎರಡು ಲಕ್ಷ ಉಂಟು." ಅವನಿಗೆ ಅಷ್ಟು ಖುಷಿಯಾಗಲಿಲ್ಲ. ಹಾಳೆ ಮಡಚಿ ಜೇಬಿಗೆ ಹಾಕಿಕೊಂಡು ಹೋದ. ಮೊನ್ನೆ ಫೋನ್ ಮಾಡಿ ಕೇಳಿದ: "ಇಚ್ಚಾ, ಕಾಬೂಲಿ ಕಡಲೆ ಮೂಟೆಗೆ ಈಗ ಎಷ್ಟು?"

ನಾನು ರೇಟು ಹೇಳಿದೆ. ಹೊಸ ಹಾಳೆಗೆ ಕಾಯ್ತಾ ಇದ್ದೇನೆ.